ಇಪ್ಪತ್ತೊಂದು ಗಂಟೆಯ ರಜೆ

ದಸರಾ ರಜೆ ಮುಗಿದು ಶಾಲೆ ಆರಂಭವಾದ ಮೊದಲ ದಿನ ನಾನು ಪಾಠ ಮಾಡುವುದಿಲ್ಲ. ಇದು ನನ್ನ ಹಳೆಯ ರೂಢಿ. ‘ರಜೆಯಲ್ಲಿ ಏನೇನು ನೋಡಿದಿರಿ, ಒಬ್ಬೊಬ್ಬರಾಗಿ ಹೇಳಿ’ ಎಂದು ಕುರ್ಚಿಯಲ್ಲಿ ಕುಳಿತುಬಿಡುತ್ತೇನೆ. ಕಳೆದ ದಸರಾ ನಂತರವೂ ಹಾಗೆಯೇ ಆಯಿತು. ಒಬ್ಬ, ಅಜ್ಜಿಯ ಊರಿನಲ್ಲಿ ಹಸು ಕರು ಹಾಕಿದ್ದನ್ನು ವರ್ಣಿಸಿದ. ಇನ್ನೊಬ್ಬಳು ಜಂಬೂಸವಾರಿಯ ಆನೆಗಳ ಹೆಸರನ್ನೆಲ್ಲ ಒಪ್ಪಿಸಿದಳು. ಕೊನೆಗೆ ಎಂಟನೇ ತರಗತಿಯ ಒಬ್ಬ ಹುಡುಗಿಯ ಸರದಿ ಬಂತು.

‘ರಾಮನಗರದ ಹತ್ತಿರ ಒಂದು ರೆಸಾರ್ಟಿಗೆ ಹೋಗಿದ್ದೆವು ಸಾರ್.’

ಇಡೀ ತರಗತಿ ಅವಳತ್ತ ತಿರುಗಿತು. ‘ಏನು ನೋಡಿದೆಯಮ್ಮಾ?’ ಎಂದೆ.

‘ಈಜುಕೊಳ ಇತ್ತು ಸಾರ್. ರೂಮಿನಲ್ಲಿ ದೊಡ್ಡ ಟಿ.ವಿ. ಇತ್ತು. ಆಮೇಲೆ...’ ಎಂದು ತಡವರಿಸಿದಳು.

‘ಅಲ್ಲಿ ಬೆಟ್ಟ ಇರಲಿಲ್ಲವೇ?’

‘ಇತ್ತು ಸಾರ್. ಕಿಟಕಿಯಿಂದ ಕಾಣುತ್ತಿತ್ತು.’

ಅಷ್ಟು ಹೇಳಿ ಕುಳಿತುಕೊಂಡಳು. ಮುಂದಿನ ವಾರ ಅಂಕಪಟ್ಟಿಗೆ ಸಹಿ ಹಾಕಲು ಅವಳ ತಂದೆ ಬಂದರು. ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಶ್ರಮಜೀವಿ. ಮಾತಿಗೆ ಮಾತು ಬಂದು ರೆಸಾರ್ಟಿನ ವಿಷಯ ಎತ್ತಿದೆ. ಅವರ ಮುಖ ಸಪ್ಪಗಾಯಿತು.

‘ಬೋನಸ್ ದುಡ್ಡು ಮೇಷ್ಟ್ರೇ. ಒಂದ್ಸಲನಾದ್ರೂ ಮಕ್ಕಳಿಗೆ ಆ ಸುಖ ತೋರಿಸೋಣ ಅಂತ ಹೋದ್ವಿ. ಮಧ್ಯಾಹ್ನ ಹೋಗಿ ಸೇರಿದ್ವಿ, ತಿಂದ್ವಿ, ಮಲಗಿದ್ವಿ. ಬೆಳಿಗ್ಗೆ ಎದ್ದು ತಿಂಡಿ ತಿನ್ನೋ ಹೊತ್ತಿಗೆ ರೂಮು ಖಾಲಿ ಮಾಡಿ ಅಂದ್ರು. ಎರಡು ದಿನದ ಪ್ರವಾಸ ಅಂದ್ಕೊಂಡಿದ್ದೆ. ಎಲ್ಲಿ ಹೋಯ್ತು ಆ ಎರಡು ದಿನ?’

ಈ ಜಗತ್ತಿನಲ್ಲಿ ಯಾವುದೂ ಸುಮ್ಮನೆ ಮಾಯವಾಗುವುದಿಲ್ಲ ಎಂದು ವರ್ಷವರ್ಷವೂ ಪಾಠ ಹೇಳುವವನು ನಾನು. ಹಾಗಾದರೆ ಆ ಎರಡು ದಿನ ಎಲ್ಲಿ ಹೋಯಿತು? ಹಳೆಯ ಪ್ರಶ್ನೆಪತ್ರಿಕೆಯೊಂದರ ಹಿಂಬದಿಯಲ್ಲಿ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಬೇಸಿಗೆ ರಜೆಗೆ ಇಂಥ ಪ್ರವಾಸದ ಯೋಚನೆಯಲ್ಲಿರುವ ತಂದೆತಾಯಿಯರಿಗೆ ಆ ಲೆಕ್ಕ ಉಪಯೋಗಕ್ಕೆ ಬರಬಹುದು.

ಎರಡು ದಿನದ ಲೆಕ್ಕ

ಅವರು ಹೋದ ರೆಸಾರ್ಟಿನಲ್ಲಿ ಕೊಠಡಿ ಸಿಗುವುದು ಮಧ್ಯಾಹ್ನ 2 ಗಂಟೆಗೆ. ಬಿಡಬೇಕಾದದ್ದು ಮರುದಿನ ಬೆಳಿಗ್ಗೆ 11ಕ್ಕೆ. ಬಹುಪಾಲು ಕಡೆ ಹೆಚ್ಚುಕಡಿಮೆ ಇದೇ ಪದ್ಧತಿ. ಅಲ್ಲಿಗೆ ನಾವು ಹಣ ಕೊಟ್ಟು ಪಡೆದದ್ದು ಎರಡು ದಿನವಲ್ಲ, 21 ಗಂಟೆ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿದ್ದೆ. 8 ಗಂಟೆ ಕಳೆಯಿತು, ಉಳಿದದ್ದು 13. ಸಂಜೆಯ ಕಾಫಿ-ತಿಂಡಿ, ರಾತ್ರಿಯ ಊಟ, ಬೆಳಗಿನ ಉಪಾಹಾರ ಒಂದೊಂದಕ್ಕೆ ಒಂದು ಗಂಟೆಯಂತೆ 3 ಗಂಟೆ. ಉಳಿದದ್ದು 10. ಹೆಸರು ಬರೆಸುವುದು, ಬೀಗದ ಕೈಗೆ ಕಾಯುವುದು, ಸ್ನಾನ, ಗಂಟುಮೂಟೆ ಕಟ್ಟುವುದು ಇವಕ್ಕೆಲ್ಲ 2 ಗಂಟೆ. ಉಳಿದದ್ದು 8. ಸೂರ್ಯ ಮುಳುಗಿದ ಮೇಲೆ ಮಲಗುವ ತನಕ ಊಟದ ಹೊತ್ತು ಬಿಟ್ಟು ಎರಡೂವರೆ ಗಂಟೆ ಕತ್ತಲೆ. ಕೊನೆಗೆ ಬೆಳಕಿನಲ್ಲಿ ಮಕ್ಕಳ ಕೈಗೆ ಸಿಗುವುದು ಐದೂವರೆ ಗಂಟೆ. ಅದರಲ್ಲೂ ಮಧ್ಯಾಹ್ನದ ಉರಿಬಿಸಿಲನ್ನು ಕಳೆದರೆ ಇನ್ನೂ ಕಡಿಮೆ.

ಈಗ ಲೆಕ್ಕದ ಇನ್ನೊಂದು ಮಗ್ಗುಲು ನೋಡಿ. ಮೊದಲ ದಿನ ಬೆಳಿಗ್ಗೆ 6ಕ್ಕೆ ಮನೆ ಬಿಟ್ಟು ಎರಡನೆಯ ದಿನ ಸಂಜೆ 6ಕ್ಕೆ ಹಿಂದಿರುಗುವುದಾದರೆ ಒಟ್ಟು 36 ಗಂಟೆ. ಅದರಲ್ಲಿ ರೆಸಾರ್ಟಿನ 21 ಗಂಟೆ ಕಳೆದರೆ 15 ಗಂಟೆ ಉಳಿಯುತ್ತದೆ. ಮೊದಲ ದಿನ ಕೊಠಡಿಗೆ ಹೋಗುವ ಮುಂಚಿನ 8 ಗಂಟೆ, ಎರಡನೆಯ ದಿನ ಕೊಠಡಿ ಬಿಟ್ಟ ನಂತರದ 7 ಗಂಟೆ. ಇವಕ್ಕೆ ಬಾಡಿಗೆಯಿಲ್ಲ. ಈ ಕುಟುಂಬ ಮೊದಲ ದಿನ ಮಧ್ಯಾಹ್ನದವರೆಗೆ ಮನೆಯಲ್ಲೇ ಇತ್ತು, ಎರಡನೆಯ ದಿನ ಕೊಠಡಿ ಬಿಟ್ಟವರೇ ನೇರ ಮನೆಗೆ ಬಂದರು. ಆ ತಂದೆ ಕಳೆದುಕೊಂಡದ್ದು ರೆಸಾರ್ಟಿನ ಗಂಟೆಗಳನ್ನಲ್ಲ, ಈ 15 ಗಂಟೆಯನ್ನು.

ಆದ್ದರಿಂದ ನನ್ನ ಮೊದಲ ಸಲಹೆ ಇಷ್ಟೆ: ರೆಸಾರ್ಟನ್ನು ಊಟ, ನಿದ್ದೆ, ವಿಶ್ರಾಂತಿಗೆ ಇಟ್ಟುಕೊಳ್ಳಿ. ನೋಡುವುದನ್ನು ಅದರ ಹೊರಗಿನ ಗಂಟೆಗಳಲ್ಲಿ ನೋಡಿ. ಈಜುಕೊಳ ಎಲ್ಲ ಊರಿನಲ್ಲೂ ಒಂದೇ ತರಹ. ಕಾಂಪೌಂಡಿನ ಆಚೆ ಇರುವುದು ಆ ಊರಿನಲ್ಲಿ ಮಾತ್ರ ಇರುವಂಥದ್ದು.

ಒಂದು ರಜೆಗೆ ಒಂದು ಊರು

ಬೆಂಗಳೂರಿಗೆ ಪಶ್ಚಿಮ ಮತ್ತು ನೈರುತ್ಯ ದಿಕ್ಕುಗಳಲ್ಲಿರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಪಟ್ಟಣಗಳೂ ರಾಜಧಾನಿಯಿಂದ ಅರವತ್ತು ಕಿ.ಮೀ. ಆಸುಪಾಸಿನಲ್ಲೇ ಇವೆ. 2007ರಲ್ಲಿ ರಾಮನಗರ ಜಿಲ್ಲೆಯಾದ ಈ ಸೀಮೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರು ಬಂತು. ಬೆಟ್ಟ, ಬಂಡೆ, ಹೊಳೆ, ಕಾಡು ಎಲ್ಲ ಇರುವುದರಿಂದ ಇಲ್ಲಿ ರೆಸಾರ್ಟುಗಳಿಗೆ ಬರವಿಲ್ಲ.

ಹತ್ತಿರವಿದೆ ಎಂದು ನಾಲ್ಕನ್ನೂ ಎರಡು ದಿನದಲ್ಲಿ ಮುಗಿಸಲು ಹೊರಟರೆ ಮಕ್ಕಳು ನೋಡುವುದು ವಾಹನದ ಹಿಂದಿನ ಸೀಟನ್ನು ಮಾತ್ರ. ಒಂದು ರಜೆಗೆ ಒಂದು ಊರು ಸಾಕು. ರಾಮನಗರ ಮತ್ತು ಚನ್ನಪಟ್ಟಣ ಒಂದೇ ರೈಲುಹಾದಿಯಲ್ಲಿ ಅಕ್ಕಪಕ್ಕ ಇರುವುದರಿಂದ ಅವೆರಡನ್ನು ಜೊತೆಗೂಡಿಸಬಹುದು. ಮಾಗಡಿಗೂ ಕನಕಪುರಕ್ಕೂ ರೈಲಿಲ್ಲ, ಬಸ್ಸೇ ಗತಿ.

ರಸ್ತೆಯ ಮೇಲೆ ಹೋಗುವವರು ಒಂದು ಸಂಗತಿ ನೆನಪಿಡಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಊರಾಚೆಯೇ ದಾಟಿಸಿಬಿಡುತ್ತದೆ. ಅದರ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್‌ನಿಂದ ಸ್ಕೂಟರು, ಆಟೋಗಳಿಗೆ ಪ್ರವೇಶವಿಲ್ಲ. ತಟ್ಟೆ ಇಡ್ಲಿ, ಬೊಂಬೆ ಅಂಗಡಿ, ಜಾನಪದ ಲೋಕ ಎಲ್ಲ ಇರುವುದು ಹಳೆಯ ರಸ್ತೆಯಲ್ಲಿ.

ಕೊಠಡಿ ಕಾದಿರಿಸುವ ಮುನ್ನ ಕೇಳಿ

ಫೋನಿನಲ್ಲಿ ‘ಬಾಡಿಗೆ ಎಷ್ಟು?’ ಎಂಬ ಒಂದೇ ಪ್ರಶ್ನೆ ಕೇಳಿ ಮುಗಿಸುವವರೇ ಹೆಚ್ಚು. ಇವನ್ನೂ ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ:

1. ಒಳಗೆ ಬರುವ ಮತ್ತು ಬಿಡುವ ಸಮಯ ಯಾವುದು? ಬೆಳಿಗ್ಗೆಯೇ ಬಂದರೆ ಸಾಮಾನು ಇಟ್ಟು ಹೋಗಲು ಜಾಗ ಕೊಡುತ್ತೀರಾ?

2. ಹೇಳಿದ ದರದಲ್ಲಿ ಎಷ್ಟು ಹೊತ್ತಿನ ಊಟ ಸೇರಿದೆ? ತೆರಿಗೆ ಸೇರಿದೆಯೇ? ಮಕ್ಕಳಿಗೆ ಎಷ್ಟನೇ ವಯಸ್ಸಿನಿಂದ ಪೂರ್ತಿ ಹಣ?

3. ವಾರದ ನಡುವಿನ ದಿನಗಳಿಗೂ ಶನಿವಾರ-ಭಾನುವಾರಕ್ಕೂ ದರದಲ್ಲಿ ವ್ಯತ್ಯಾಸವಿದೆಯೇ? ಮಕ್ಕಳಿಗೆ ರಜೆ ಇರುವಾಗ ನಾವು ಭಾನುವಾರವೇ ಹೋಗಬೇಕೆಂದೇನಿಲ್ಲ. ತಂದೆಗೆ ಒಂದು ದಿನ ರಜೆ ಸಿಕ್ಕರೆ ಖರ್ಚೂ ಇಳಿಯಬಹುದು, ಜನಜಂಗುಳಿಯೂ ತಪ್ಪುತ್ತದೆ.

4. ಈಜುಕೊಳದ ಆಳ ಎಷ್ಟು? ಕಾವಲಿಗೆ ಈಜು ಬಲ್ಲವರು ಇರುತ್ತಾರೆಯೇ? ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ?

5. ಹತ್ತಿರದ ಆಸ್ಪತ್ರೆ ಎಷ್ಟು ದೂರ? ಬಸ್ಸು ಅಥವಾ ರೈಲು ನಿಲ್ದಾಣದಿಂದ ಬರುವುದು ಹೇಗೆ?

ರಾತ್ರಿ ತಂಗದೆ ಬೆಳಿಗ್ಗೆಯಿಂದ ಸಂಜೆಯವರೆಗೆ ಮಾತ್ರ ಇದ್ದು ಬರುವ ಏರ್ಪಾಡೂ ಹಲವು ಕಡೆ ಇದೆ. ಈಜುಕೊಳ ಮತ್ತು ಊಟವೇ ಮುಖ್ಯವೆಂದಾದರೆ ಅದನ್ನೇ ಆರಿಸಿಕೊಳ್ಳುವುದು ಜಾಣತನ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಹಿರಿಯರ ಮಾತು ರೆಸಾರ್ಟಿನ ಹಾಸಿಗೆಗೂ ಅನ್ವಯಿಸುತ್ತದೆ.

ರಾಮನಗರ: ಗೂಡು, ಬಂಡೆ, ಹದ್ದು

ಮೊದಲ ದಿನದ ಬೆಳಗನ್ನು ರೇಷ್ಮೆಗೂಡಿನ ಮಾರುಕಟ್ಟೆಗೆ ಕೊಡಿ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ರಾಮನಗರದ್ದು. ವ್ಯವಹಾರ ನಡೆಯುವ ಜಾಗವಾದ್ದರಿಂದ ಅಲ್ಲಿನ ಸಿಬ್ಬಂದಿಯ ಅನುಮತಿ ಪಡೆದು, ಯಾರಿಗೂ ಅಡ್ಡವಾಗದಂತೆ ನಿಂತು ನೋಡಬೇಕು. ಗೂಡು ತಂದ ರೈತರೊಬ್ಬರನ್ನು ಮಕ್ಕಳು ಮಾತನಾಡಿಸಲಿ. ಹಿಪ್ಪುನೇರಳೆ ಸೊಪ್ಪು ತಿನ್ನುವ ಹುಳು ಸುಮಾರು 25 ದಿನದಲ್ಲಿ ನಾಲ್ಕು ಸಲ ಪೊರೆ ಕಳಚುತ್ತದೆ. ನಮ್ಮ ರೈತರು ಅದನ್ನು ‘ಜ್ವರ’ ಎನ್ನುತ್ತಾರೆ. ಹೊಟ್ಟೆ ತುಂಬ ತಿಂದು ‘ಹಣ್ಣಾದ’ ಹುಳು ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತದೆ. ಒಂದು ಗೂಡಿನಲ್ಲಿ ತುಂಡಾಗದ ಒಂದೇ ಎಳೆ. ಅದು ಹಲವು ನೂರು ಮೀಟರ್ ಉದ್ದ. ಒಂದು ಕಿಲೋ ರೇಷ್ಮೆ ನೂಲಿಗೆ ಆರೇಳು ಕಿಲೋ ಗೂಡು ಬೇಕು. ಗೂಡನ್ನು ಬಿಸಿನೀರಿಗೆ ಹಾಕುವುದೇಕೆ? ಎಳೆಗಳನ್ನು ಅಂಟಿಸಿರುವ ಸೆರಿಸಿನ್ ಎಂಬ ಅಂಟು ಬಿಸಿನೀರಿನಲ್ಲಿ ಮೆತ್ತಗಾಗಿ ಎಳೆ ಬಿಚ್ಚಿಕೊಳ್ಳಲೆಂದು. ಪರೀಕ್ಷೆಗೆ ಬಾಯಿಪಾಠ ಮಾಡುವ ಈ ಸಂಗತಿ ಮೂಗಿಗೆ ಗೂಡಿನ ವಾಸನೆ ಬಡಿದಾಗ ಮರೆಯದಂತೆ ಉಳಿಯುತ್ತದೆ.

ಅಲ್ಲಿಂದ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಹಳ್ಳಿಹಳ್ಳಿ ಅಲೆದು ಕೂಡಿಹಾಕಿದ ನೇಗಿಲು, ಕಣಜ, ಗೊಂಬೆ, ವಾದ್ಯಗಳೆಲ್ಲ ಅಲ್ಲಿವೆ. ಅಜ್ಜ-ಅಜ್ಜಿ ಜೊತೆಗಿದ್ದರೆ ಅವರೇ ಮಾರ್ಗದರ್ಶಿಗಳು. ವಾರದಲ್ಲೊಂದು ದಿನ ಅದಕ್ಕೆ ಬಿಡುವು, ವಿಚಾರಿಸಿಕೊಂಡು ಹೋಗಿ.

ರಾಮದೇವರ ಬೆಟ್ಟವನ್ನು ಎರಡನೆಯ ದಿನದ ತಂಪು ಹೊತ್ತಿಗೆ ಇಟ್ಟುಕೊಳ್ಳಿ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ಬಂಡೆಗಳು ಇವೇ ಎಂದು ತಂದೆಯವರು ಹೇಳುತ್ತಾರೆ. ಅದನ್ನು ಹೇಳಿದ ಮೇಲೆ ಬಂಡೆಯ ಕಥೆಯನ್ನೂ ಹೇಳಿ. ಬ್ರಿಟಿಷರ ಕಾಲದಲ್ಲಿ ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಎಂಬಾತನ ಹೆಸರಿನಿಂದ ಈ ಊರಿಗೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಭೂವಿಜ್ಞಾನಿಗಳು ಇಲ್ಲಿನ ಶಿಲೆಯನ್ನು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ.

ಮಕ್ಕಳಿಗೆ 250 ಕೋಟಿ ಎಂದರೆ ಅರ್ಥವಾಗುವುದಿಲ್ಲ, ನಮಗೂ ಆಗುವುದಿಲ್ಲ. ಆದ್ದರಿಂದ ಅದನ್ನು ರೆಸಾರ್ಟಿನ 21 ಗಂಟೆಗೆ ಇಳಿಸೋಣ. ನೀವು ಮಧ್ಯಾಹ್ನ 2ಕ್ಕೆ ಕೊಠಡಿ ಹೊಕ್ಕಾಗ ಈ ಬಂಡೆ ಹುಟ್ಟಿತು ಎಂದಿಟ್ಟುಕೊಳ್ಳಿ. ಡೈನೋಸಾರ್‌ಗಳು ಅಳಿದದ್ದು ಮರುದಿನ ಬೆಳಿಗ್ಗೆ ಹತ್ತೂವರೆಗೆ, ನೀವು ಸೂಟ್‌ಕೇಸು ಮುಚ್ಚುವ ಹೊತ್ತಿಗೆ. ನಮ್ಮಂಥ ಮನುಷ್ಯರು ಬಂದದ್ದು ಕೊಠಡಿ ಬಿಡಲು ಇನ್ನು ಒಂಬತ್ತು ಸೆಕೆಂಡು ಇದ್ದಾಗ!

ಬಂಡೆಯನ್ನು ಹತ್ತಿರದಿಂದ ನೋಡಿದರೆ ನಸುಗೆಂಪು ಹರಳುಗಳು ಕಾಣುತ್ತವೆ, ಅದು ಫೆಲ್ಡ್‌ಸ್ಪಾರ್. ಗಾಜಿನಂತಿರುವುದು ಬೆಣಚು. ಮಿನುಗುವ ಕಪ್ಪು ಚೂರು ಅಭ್ರಕ, ನಮ್ಮ ಕಡೆ ಕಾಗೆಬಂಗಾರ ಎನ್ನುತ್ತಾರೆ. ಹರಳು ಇಷ್ಟು ದೊಡ್ಡದಾಗಲು ಶಿಲಾರಸ ಭೂಮಿಯ ಆಳದಲ್ಲಿ ಬಹಳ ನಿಧಾನವಾಗಿ ತಣಿದಿರಬೇಕು. ಪಾಕ ನಿಧಾನವಾಗಿ ಹೆಪ್ಪುಗಟ್ಟಿದರೆ ದಪ್ಪ ಕಲ್ಲುಸಕ್ಕರೆ ಸಿಗುವಂತೆ. ಇನ್ನು ಬಂಡೆಗಳು ಉಂಡೆಯಾಗಿ ಒಂದರ ಮೇಲೊಂದು ಕೂತಿರುವುದೇಕೆ? ಬಿರುಕುಗಳಿಂದ ಚೌಕ ಚೌಕವಾಗಿ ಸೀಳಿದ ಶಿಲೆಗೆ ನೀರು ಮೂಲೆಗಳಲ್ಲಿ ಎರಡು ಮೂರು ಕಡೆಯಿಂದ ತಾಗುತ್ತದೆ, ಮೂಲೆಗಳೇ ಮೊದಲು ಸವೆಯುತ್ತವೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನಿಜ. ಆದರೆ ಓದಲು ಸಿಗುವುದು ಹತ್ತಿರ ಹೋದಾಗ ಕಾಣುವ ಒರಟಿನಲ್ಲೇ.

ಆ ಬೆಟ್ಟದ ಕಡಿದಾದ ಅಂಚುಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳ ನೆಲೆಯಿದೆ. 2012ರಲ್ಲಿ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದುಧಾಮವೆಂದು ಘೋಷಿಸಲಾಯಿತು. 1990ರ ದಶಕದಿಂದ ಈಚೆಗೆ ದೇಶದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನಾಶವಾದವು. ದನಗಳಿಗೆ ನೋವು ಕಡಿಮೆಯಾಗಲೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡ ಕೆಡಿಸುತ್ತಿತ್ತು. 2006ರಲ್ಲಿ ಪಶುಚಿಕಿತ್ಸೆಗೆ ಅದನ್ನು ನಿಷೇಧಿಸಲಾಯಿತು. ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಹಾಗಾಗಿ ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳಲಾರದು. ಅಲ್ಲಿ ಕೂಗುವುದು, ಹಾಡು ಹಾಕುವುದು ಬೇಡ. ಹದ್ದು ಕಾಣದಿದ್ದರೂ ಬೇಸರಪಡಬೇಡಿ. ಕಾಯುವುದನ್ನು ಕಲಿಯುವುದೂ ಪಾಠವೇ.

ಚನ್ನಪಟ್ಟಣ: ಬಿಸಿಯಾಗುವ ಬುಗುರಿ

ಕೊಠಡಿ ಬಿಟ್ಟ ನಂತರದ 7 ಗಂಟೆಗೆ ಚನ್ನಪಟ್ಟಣ ಹೇಳಿ ಮಾಡಿಸಿದ ಊರು. ಬೊಂಬೆ ಕೊಂಡು ಬರುವುದಷ್ಟೇ ಆದರೆ ಹತ್ತು ನಿಮಿಷ ಸಾಕು. ಕುಶಲಕರ್ಮಿಗಳ ಅನುಮತಿ ಕೇಳಿ, ಲೇತ್ ಯಂತ್ರದ ಮುಂದೆ ಅರ್ಧ ಗಂಟೆ ನಿಲ್ಲಿ. ಬಿಳಿ ಬಣ್ಣದ ಆಲೆ ಮರದ ತುಂಡು ಗಿರಗಿರನೆ ತಿರುಗುತ್ತಿರುತ್ತದೆ. ಉಳಿ ತಾಗಿದಲ್ಲಿ ಆಕಾರ ಹುಟ್ಟುತ್ತದೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಬೆಂಕಿಯಿಲ್ಲ, ಒಲೆಯಿಲ್ಲ, ಆದರೂ ಅರಗು ಕರಗಿ ಮರಕ್ಕೆ ಅಂಟುತ್ತದೆ. ಘರ್ಷಣೆಯಿಂದ ಉಷ್ಣ ಹುಟ್ಟುತ್ತದೆ ಎಂದು ನಾನು ಅಂಗೈ ಉಜ್ಜಿ ತೋರಿಸುವ ಪಾಠವನ್ನು ಅವರು ದಿನಕ್ಕೆ ನೂರಾರು ಸಲ ಮಾಡಿ ಅನ್ನ ಸಂಪಾದಿಸುತ್ತಾರೆ.

ಈ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಕೆಲಸ ಕಂಡ ಮೇಲೆ ಬೆಲೆಯಲ್ಲಿ ಚೌಕಾಸಿ ಮಾಡಲು ಮನಸ್ಸು ಬರುವುದಿಲ್ಲ. ದೊಡ್ಡದೊಂದರ ಬದಲು ಒಂದು ಬುಗುರಿ ಕೊಡಿಸಿದರೂ ಸಾಕು. ಅದು ಎಲ್ಲಿ, ಹೇಗೆ ಹುಟ್ಟಿತೆಂದು ಮಗು ಹತ್ತು ಜನರಿಗೆ ಹೇಳುತ್ತದೆ.

ಮಾಗಡಿ: ಬೆಳಿಗ್ಗೆಯ ಬೆಟ್ಟ

ಮಾಗಡಿ ದಿಕ್ಕಿಗೆ ಹೋಗುವವರಿಗೆ ಸಾವನದುರ್ಗವಿದೆ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ, ಬಿಳಿಗುಡ್ಡ-ಕರಿಗುಡ್ಡಗಳ ಭಾರಿ ಏಕಶಿಲೆ. ಮಾಗಡಿಯ ಕೆಂಪೇಗೌಡರ ವಂಶದವರ ಕೈಯಲ್ಲಿದ್ದ ಕೋಟೆ ಇದು. ಟಿಪ್ಪುವಿನ ಕಾಲದಲ್ಲಿ, 1791ರ ಡಿಸೆಂಬರ್‌ನಲ್ಲಿ, ಕಾರ್ನ್‌ವಾಲಿಸನ ಸೇನೆ ಇದನ್ನು ಹಿಡಿಯಿತು. ಬುಡದಲ್ಲಿ ವೀರಭದ್ರ ಮತ್ತು ನರಸಿಂಹಸ್ವಾಮಿ ದೇವಸ್ಥಾನಗಳಿವೆ. ಅಜ್ಜಿ, ಪುಟ್ಟ ಮಕ್ಕಳು ಅಲ್ಲೇ ನೆರಳಿನಲ್ಲಿ ಕೂರಬಹುದು.

ಹತ್ತುವುದಾದರೆ ಬೆಳಿಗ್ಗೆಯೇ ಹತ್ತಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನದ ನಂತರ ಗುಡುಗು-ಮಿಂಚಿನ ಮಳೆ ಸಾಮಾನ್ಯ. ಬೋಳು ಬಂಡೆಯ ಮೇಲೆ ಎದ್ದುನಿಂತ ಮನುಷ್ಯನೇ ಸಿಡಿಲಿಗೆ ಎತ್ತರದ ಗುರಿ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿ.ಮೀ. ದೂರ. ಆದರೆ ಗುಡುಗು ಕೇಳಿಸಿತೆಂದರೆ ಲೆಕ್ಕ ನಿಲ್ಲಿಸಿ ಇಳಿಯಲು ಹೊರಡಬೇಕು. ಒದ್ದೆ ಬಂಡೆ ಜಾರುತ್ತದೆ, ನೀರು ಕೊಂಡೊಯ್ಯದಿದ್ದರೆ ಬಿಸಿಲು ಬಳಲಿಸುತ್ತದೆ.

ಸಾವನದುರ್ಗದ ಬಳಿಯೇ ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯವಿದೆ. ದಡದಿಂದ ನೋಡಲು ಸೊಗಸು. ನೀರಿಗೆ ಇಳಿಯುವ ಜಾಗ ಅದಲ್ಲ. ಏಕೆಂಬುದನ್ನು ಅದೇ ಹೊಳೆಯ ಕೊನೆಯಲ್ಲಿರುವ ಕನಕಪುರ ಸೀಮೆಯ ಮಾತಿನಲ್ಲಿ ಹೇಳುತ್ತೇನೆ.

ಕನಕಪುರ: ನೀರಿನ ಮಾತು

ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟುತ್ತದೆ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ, ಕನಕಪುರಗಳ ಮಾರ್ಗವಾಗಿ ಹರಿದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಕನಕಪುರದಿಂದ ಸಂಗಮಕ್ಕೆ ಇನ್ನೂ ಮೂವತ್ತೈದು-ನಲವತ್ತು ಕಿ.ಮೀ. ಅಲ್ಲಿಂದ ಮುಂದೆ ಮೇಕೆದಾಟು. ಹೊಳೆ ದಾಟುವುದು, ಕಾಯುವುದು ಎಲ್ಲ ಸೇರಿ ಅದಕ್ಕೆ ಒಂದಿಡೀ ಹಗಲು ಬೇಕು. 21 ಗಂಟೆಯ ರೆಸಾರ್ಟಿನ ನಡುವೆ ಅದನ್ನು ತುರುಕಲು ಹೋಗಬೇಡಿ, ಹೋಗುವ ಅಥವಾ ಬರುವ ದಿನಕ್ಕೆ ಇಡಿ. ಕಾವೇರಿ ದಂಡೆಯಲ್ಲೇ ತಂಗಬೇಕೆಂದರೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರ ಗಾಳಿಬೋರೆಯಲ್ಲಿದೆ.

ಮೇಕೆದಾಟಿನಲ್ಲಿ ಕಾವೇರಿ ಇಕ್ಕಟ್ಟಾದ ಬಂಡೆಯ ಸಂದಿಯಲ್ಲಿ ನುಗ್ಗುತ್ತದೆ. ಬಂಡೆಯಲ್ಲಿ ಒರಳಿನಂಥ ಗುಂಡಿಗಳಿವೆ. ಸುಳಿಗೆ ಸಿಕ್ಕ ಕಲ್ಲುಗಳು ಸಾವಿರಾರು ವರ್ಷ ಅಲ್ಲೇ ತಿರುಗಿ ತಿರುಗಿ ಕೊರೆದ ಗುಂಡಿಗಳವು. ದಡದಲ್ಲಿ ಕಾಣುವಂಥವೇ ನೀರಿನ ಕೆಳಗೂ ಇವೆ ಎಂಬುದನ್ನು ಮರೆಯಬಾರದು.

ನನ್ನ ಸೇವೆಯ ಅವಧಿಯಲ್ಲಿ ಹಾಜರಿ ಪುಸ್ತಕದ ಒಂದು ಹೆಸರಿನ ಮುಂದೆ ನಾನು ಕೆಂಪು ಗೆರೆ ಎಳೆಯಬೇಕಾಗಿ ಬಂದಿದೆ. ಹತ್ತನೇ ತರಗತಿಯ ಹುಡುಗ. ಮನೆಯವರೆಲ್ಲ ಸೇರಿ ಪ್ರವಾಸ ಹೋಗಿದ್ದರು. ಊಟ ಮುಗಿದಿತ್ತು, ಹಿರಿಯರು ಮಲಗಿದ್ದರು, ಮುಂದೇನೆಂದು ಯಾರೂ ಯೋಚಿಸಿರಲಿಲ್ಲ. ಹೊತ್ತು ಹೋಗದೆ ಹುಡುಗರು ಹೊಳೆಯ ಕಡೆ ನಡೆದರು. ಅವನಿಗೆ ಈಜು ಬರುತ್ತಿತ್ತು. ಇದನ್ನು ಅವನ ತಾಯಿ ನನಗೆ ಮೂರು ಸಲ ಹೇಳಿದರು: ‘ಅವನಿಗೆ ಈಜು ಬರ್ತಿತ್ತು ಮೇಷ್ಟ್ರೇ.’

ಈಜುಕೊಳದ ಈಜು ಬೇರೆ, ಹೊಳೆಯ ನೀರು ಬೇರೆ. ಕೊಳದ ತಳ ಸಮ, ನೀರು ನಿಂತದ್ದು. ಹೊಳೆಯಲ್ಲಿ ಮೊಣಕಾಲುದ್ದದ ನೀರಿನಿಂದ ಒಂದೇ ಹೆಜ್ಜೆಗೆ ಆಳುದ್ದದ ಗುಂಡಿಗೆ ಬೀಳಬಹುದು. ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ರಭಸದಿಂದ ಚಿಮ್ಮುತ್ತದಲ್ಲ, ಹಾಗೆಯೇ ಬಂಡೆಗಳ ನಡುವೆ ಇಕ್ಕಟ್ಟಾದಲ್ಲಿ ಹೊಳೆಯ ವೇಗ ಏರುತ್ತದೆ. ವೇಗ ಎರಡು ಪಟ್ಟಾದರೆ ನೀರು ನಮ್ಮನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮೇಲೆಲ್ಲೋ ಮಳೆಯಾದರೆ, ಅಣೆಕಟ್ಟೆಯಿಂದ ನೀರು ಬಿಟ್ಟರೆ, ಇಲ್ಲಿ ಬಿಸಿಲಿರುವಾಗಲೇ ಮಟ್ಟ ಏರುತ್ತದೆ. ಜಲಾಶಯದಲ್ಲಿ ಹೂಳು, ಮುಳುಗಿದ ಗಿಡಗಂಟಿ, ತಟ್ಟನೆ ಆಳವಾಗುವ ದಡ. ಫಲಕ ಹಾಕಿದ್ದರೂ, ಹಾಕದಿದ್ದರೂ ಸಂಗಮ, ಮೇಕೆದಾಟು, ಚುಂಚಿ ಜಲಪಾತ, ಮಂಚನಬೆಲೆ ಎಲ್ಲೂ ನೀರಿಗೆ ಇಳಿಯಬೇಡಿ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ, ಸೀರೆ, ಉದ್ದನೆಯ ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನು ಏನಾದರೊಂದನ್ನು ಎಸೆಯಿರಿ, ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿ. ಈಜುಕೊಳದಲ್ಲೂ ಚಿಕ್ಕವರಿದ್ದರೆ ಒಬ್ಬ ಹಿರಿಯರು ಕೈಗೆಟುಕುವಷ್ಟು ಹತ್ತಿರ ಇರಬೇಕು, ಅವರ ಕೈಯಲ್ಲಿ ಮೊಬೈಲ್ ಇರಬಾರದು.

ಪ್ರವಾಸದ ಯೋಜನೆ ಎಂದರೆ ಹಣ ಉಳಿಸುವ ಉಪಾಯವಷ್ಟೇ ಎಂದುಕೊಳ್ಳಬೇಡಿ. ಮಧ್ಯಾಹ್ನ 2ರಿಂದ 4ರವರೆಗೆ ಮಕ್ಕಳು ಎಲ್ಲಿರುತ್ತಾರೆ, ಯಾರ ಜೊತೆ ಇರುತ್ತಾರೆ ಎಂಬುದು ಅದರ ಮೊದಲ ಸಾಲು. ಚೌಕಾಬಾರ, ಪಗಡೆ, ಒಂದೆರಡು ಕಥೆಪುಸ್ತಕ ಚೀಲದಲ್ಲಿದ್ದರೆ ಆ ಎರಡು ಗಂಟೆಗೆ ಅಷ್ಟು ಸಾಕು.

ಕತ್ತಲೆಯ ಎರಡೂವರೆ ಗಂಟೆ

ಲೆಕ್ಕದಲ್ಲಿ ಕಳೆದುಬಿಟ್ಟಿದ್ದ ಕತ್ತಲೆಯನ್ನು ಈಗ ಮತ್ತೆ ಕೂಡಿಸೋಣ. ಬೆಂಗಳೂರಿನ ಬೆಳಕಿನಲ್ಲಿ ಕಾಣದ ನಕ್ಷತ್ರಗಳು ಇಲ್ಲಿ ಕಾಣುತ್ತವೆ. ದೀಪ ಕಡಿಮೆ ಇರುವ ಮೂಲೆಯೊಂದನ್ನು ಕೇಳಿಕೊಂಡು ಚಾಪೆ ಹಾಸಿ. ಉತ್ತರ ದಿಕ್ಕಿನಲ್ಲಿ ಧ್ರುವ ನಕ್ಷತ್ರ ಹುಡುಕಿ. ತೋಳು ಚಾಚಿ ಮುಷ್ಟಿ ಕಟ್ಟಿದರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಒಂದೂಕಾಲು ಮುಷ್ಟಿ ಎತ್ತರದಲ್ಲಿ ಧ್ರುವ ಇರುತ್ತದೆ, ಏಕೆಂದರೆ ಈ ಊರುಗಳ ಅಕ್ಷಾಂಶ ಹನ್ನೆರಡೂವರೆ ಡಿಗ್ರಿಯ ಸುತ್ತಮುತ್ತ. ಏಪ್ರಿಲ್-ಮೇ ರಾತ್ರಿ ದಕ್ಷಿಣದಲ್ಲಿ ತ್ರಿಶಂಕುವೂ ಕಾಣುತ್ತದೆ. ಉತ್ತರ ಭಾರತದ ಎಷ್ಟೋ ಊರುಗಳಿಗೆ ಆ ಭಾಗ್ಯವಿಲ್ಲ. ಇದಕ್ಕೆ ರೆಸಾರ್ಟಿನವರು ಪ್ರತ್ಯೇಕ ಶುಲ್ಕ ಹಾಕುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಶಾಲೆಯ ವೇಳಾಪಟ್ಟಿಯಂತೆ ಗಂಟೆ ಬಾರಿಸಿ ಮಕ್ಕಳನ್ನು ಓಡಿಸಬೇಡಿ. ಬೆಳಿಗ್ಗೆ ಒಂದು ಕೆಲಸ, ಸಂಜೆ ಒಂದು ಕೆಲಸ. ನಡುವೆ ಈಜುಕೊಳದಲ್ಲಿ ಮನಸಾರೆ ಆಡಲಿ, ಅದಕ್ಕೂ ಹಣ ಕೊಟ್ಟಿದ್ದೀರಿ. ತಾಯಿ ಎರಡು ಹೊತ್ತು ಒಲೆಯ ಚಿಂತೆಯಿಲ್ಲದೆ ಕೂರಲಿ. ಅವರ ರಜೆಯೂ ಲೆಕ್ಕಕ್ಕೆ ಸೇರಬೇಕು.

ಅಂದು ಲೆಕ್ಕದ ಹಾಳೆಯನ್ನು ಆ ತಂದೆ ಮಡಿಚಿ ಜೇಬಿಗಿಟ್ಟುಕೊಂಡರು. ‘ಇನ್ನೊಂದು ಬೋನಸ್ ಬರಲಿ ಮೇಷ್ಟ್ರೇ’ ಎಂದರು. ‘ಅಲ್ಲಿಯವರೆಗೆ ಯಾಕೆ ಕಾಯ್ತೀರಿ? ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಬೆಳಗಿನ ರೈಲು ಹತ್ತಿ’ ಎಂದೆ. ಜನವರಿಯಲ್ಲಿ ಅವರು ಹಾಗೆಯೇ ಹೋಗಿಬಂದರು. ಆ ಹುಡುಗಿ ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಯಲ್ಲಿ ಮೂರು ಹರಳಿನ ಚಿತ್ರ ಬರೆದುಕೊಂಡು ಬಂದಿದ್ದಳು. ತೋರಿಸಿ ಕೇಳಿದಳು: ‘ಸಾರ್, ಮೊದಲನೇ ಸಲ ಕಿಟಕಿಯಿಂದ ಕಾಣುತ್ತಿತ್ತಲ್ಲ, ಆ ಬೆಟ್ಟದ ಹೆಸರೇನು?’

ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ‘ಮುಂದಿನ ಸಲ ಹೋದಾಗ ಗೇಟಿನ ಕಾವಲುಗಾರರನ್ನೋ ಕುರಿ ಮೇಯಿಸುವವರನ್ನೋ ಕೇಳಿಕೊಂಡು ಬಾ, ನನಗೂ ಹೇಳು’ ಎಂದೆ.

ನೀವೇ ಮಾಡಿ ನೋಡಿ

* ಸಂಜೆ 4ಕ್ಕೆ ಒಂದು ಬಂಡೆಯನ್ನು ಮುಟ್ಟಿ ನೋಡಿ. ರಾತ್ರಿ 8ಕ್ಕೆ ಹಿರಿಯರೊಬ್ಬರ ಜೊತೆ ಟಾರ್ಚು ಹಿಡಿದು ಹೋಗಿ ಮತ್ತೆ ಮುಟ್ಟಿ, ಬೆಳಿಗ್ಗೆ 6ಕ್ಕೆ ಇನ್ನೊಮ್ಮೆ. ಯಾವಾಗ ಗಾಳಿಗಿಂತ ಬಿಸಿ, ಯಾವಾಗ ತಂಪು? ಏಕೆ?

* ನಿಮ್ಮ ಮನೆಯವರ ಪ್ರವಾಸದ 36 ಗಂಟೆಯನ್ನು ಒಂದು ಹಾಳೆಯಲ್ಲಿ ಚೌಕ ಚೌಕವಾಗಿ ಬರೆಯಿರಿ. ನಿದ್ದೆ, ಊಟ, ಪ್ರಯಾಣಗಳಿಗೆ ಬಣ್ಣ ತುಂಬಿ. ಬಿಳಿಯಾಗಿ ಉಳಿದ ಚೌಕಗಳೆಷ್ಟು?

* ನೀವು ಹೋದ ಊರಿನಲ್ಲಿ ಕಂಡ ಒಂದು ಬೆಟ್ಟ, ಒಂದು ಮರ, ಒಂದು ಹೊಳೆಯ ಹೆಸರನ್ನು ಅಲ್ಲಿನವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ.